ಎಲ್ಲರ ಪರವಾಗಿ ಒಬ್ಬರು: ಷೇರುದಾರರ ಸಾಮೂಹಿಕ ದಾವೆಯಲ್ಲಿ ಮುಖ್ಯ ವಾದಿಯ ಆಯ್ಕೆ

(ವಾಣಿಜ್ಯ ವಿಭಾಗ – ಅಧ್ಯಯನ ಲೇಖನ)

ದ್ವಿತೀಯ ಪಿಯುಸಿ ತರಗತಿಯಲ್ಲಿ ಷೇರು ಬಂಡವಾಳದ ಪಾಠ ಮುಗಿಸಿದ ದಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಕಂಪನಿಯವರು ಸುಳ್ಳು ಲೆಕ್ಕ ತೋರಿಸಿ ಷೇರಿನ ಬೆಲೆ ಏರಿಸಿದರು ಅಂತಿಟ್ಟುಕೊಳ್ಳಿ. ನಿಜ ಗೊತ್ತಾದ ದಿನ ಬೆಲೆ ಕುಸಿಯಿತು. ಹತ್ತೋ ಇಪ್ಪತ್ತೋ ಷೇರು ಇಟ್ಟುಕೊಂಡವರು ಕೋರ್ಟಿಗೆ ಹೋಗೋದಕ್ಕೆ ಆಗುತ್ತಾ? ವಕೀಲರ ಫೀಸೇ ನಷ್ಟಕ್ಕಿಂತ ಹೆಚ್ಚಾಗಲ್ವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಒಬ್ಬೊಬ್ಬರ ನಷ್ಟ ಚಿಕ್ಕದು, ಎಲ್ಲರದ್ದು ಸೇರಿದರೆ ಬಹಳ ದೊಡ್ಡದು. ಹೀಗಿರುವಾಗ ಎಲ್ಲರ ಪರವಾಗಿ ಕೆಲವರು ಮಾತ್ರ ಕೋರ್ಟಿಗೆ ಹೋಗಿ, ಬಂದ ಪರಿಹಾರವನ್ನು ಎಲ್ಲರಿಗೂ ಹಂಚುವ ಏರ್ಪಾಡಿದೆ. ಅದನ್ನು ಕ್ಲಾಸ್ ಆ್ಯಕ್ಷನ್, ಅಂದರೆ ಸಾಮೂಹಿಕ ದಾವೆ ಎನ್ನುತ್ತಾರೆ. ಇದು ಅತಿ ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಆದರೆ ಈ ಉತ್ತರದೊಳಗೇ ಇನ್ನೊಂದು ಪ್ರಶ್ನೆ ಅಡಗಿದೆ. ಆ "ಕೆಲವರು" ಯಾರು? ಸಾವಿರಾರು ಜನರ ಪರವಾಗಿ ಮಾತನಾಡುವ ಅಧಿಕಾರ ಅವರಿಗೆ ಕೊಟ್ಟವರು ಯಾರು? ಈ ಲೇಖನ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಒಂದು ಸಣ್ಣ ಹೋಲಿಕೆ

ಒಂದೇ ಮಾರ್ಗದ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಲವತ್ತು ವಿದ್ಯಾರ್ಥಿಗಳಿದ್ದಾರೆ ಎನ್ನಿ. ಬಸ್ಸು ದಿನಾ ತಡ. ಡಿಪೊ ಮ್ಯಾನೇಜರ್ ಹತ್ತಿರ ಮಾತನಾಡಲು ಒಬ್ಬರನ್ನು ಕಳಿಸಬೇಕು. ಯಾರನ್ನು ಕಳಿಸುತ್ತೀರಿ? ಮೊದಲು ಕೈ ಎತ್ತಿದವರನ್ನೇ? ಚೆನ್ನಾಗಿ ಮಾತನಾಡುವವರನ್ನೇ? ಅಥವಾ ಕೊನೆಯ ಸ್ಟಾಪಿನಿಂದ ಬರುವ, ಈ ತೊಂದರೆಯಿಂದ ಎಲ್ಲರಿಗಿಂತ ಹೆಚ್ಚು ತರಗತಿ ಕಳೆದುಕೊಂಡವರನ್ನೇ?

ಮೊದಲು ಕೈ ಎತ್ತಿದವರಿಗೆ ತಮ್ಮದೇ ಬೇರೆ ಉದ್ದೇಶ ಇರಬಹುದು. ಚೆನ್ನಾಗಿ ಮಾತನಾಡುವವರಿಗೆ ಈ ವಿಷಯದಲ್ಲಿ ನಷ್ಟವೇ ಇಲ್ಲದಿರಬಹುದು. ಹೆಚ್ಚು ಕಳೆದುಕೊಂಡವರು ಮಾತ್ರ ಅರ್ಧಕ್ಕೇ ರಾಜಿಯಾಗಿ ಬರುವುದು ಕಷ್ಟ. ಅಮೆರಿಕದ ಕಾನೂನು ಹಿಡಿದದ್ದು ಈ ಮೂರನೆಯ ದಾರಿಯನ್ನು. ಆದರೆ ಅಲ್ಲಿಗೆ ಬರುವ ಮೊದಲು ಅದು ಬಹಳ ಕಾಲ ಮೊದಲನೆಯ ದಾರಿಯಲ್ಲೇ ನಡೆದಿತ್ತು.

1995ಕ್ಕಿಂತ ಮೊದಲು: ಕೋರ್ಟಿಗೆ ಓಟದ ಸ್ಪರ್ಧೆ

ಒಂದು ಕಂಪನಿಯ ಷೇರು ಬೆಲೆ ಒಮ್ಮೆಗೇ ಕುಸಿದರೆ ಒಂದೇ ದಾವೆ ಹೂಡಲಾಗುವುದಿಲ್ಲ. ಬೇರೆ ಬೇರೆ ಹೂಡಿಕೆದಾರರು ಬೇರೆ ಬೇರೆ ವಕೀಲರ ಮೂಲಕ ಐದು, ಹತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ದಾವೆ ಹೂಡುತ್ತಾರೆ. ಎಲ್ಲದರಲ್ಲೂ ಪ್ರತಿವಾದಿ ಅದೇ ಕಂಪನಿ, ಆರೋಪವೂ ಅದೇ. ಪ್ರತ್ಯೇಕವಾಗಿ ವಿಚಾರಣೆ ಮಾಡಿದರೆ ಕಾಲ, ಹಣ ಎರಡೂ ವ್ಯರ್ಥ. ತೀರ್ಪುಗಳು ಒಂದಕ್ಕೊಂದು ಹೊಂದದೆ ಹೋಗುವ ಅಪಾಯವೂ ಇದೆ. ಅದಕ್ಕಾಗಿ ನ್ಯಾಯಾಲಯ ಅವನ್ನೆಲ್ಲ ಒಂದೇ ಕಡತಕ್ಕೆ ಸೇರಿಸುತ್ತದೆ. ಇದಕ್ಕೆ ದಾವೆಗಳ ಒಗ್ಗೂಡಿಸುವಿಕೆ ಎನ್ನಬಹುದು. ಹೀಗೆ ಒಂದಾದ ದಾವೆಯನ್ನು ಮುನ್ನಡೆಸಲು ಒಬ್ಬ ಮುಖ್ಯ ವಾದಿ ಬೇಕಾಗುತ್ತದೆ.

1995ಕ್ಕಿಂತ ಮೊದಲು ಸಾಮಾನ್ಯವಾಗಿ ಮೊದಲು ದಾವೆ ಹೂಡಿದವರ ಕಡೆಗೇ ಮುಂದಾಳತ್ವ ಹೋಗುತ್ತಿತ್ತು. ಪರಿಣಾಮವಾಗಿ ವಕೀಲರ ನಡುವೆ ಓಟದ ಸ್ಪರ್ಧೆ ಶುರುವಾಯಿತು. ಬೆಲೆ ಕುಸಿದ ಕೆಲವೇ ಗಂಟೆಗಳಲ್ಲಿ ದಾವೆ ಸಿದ್ಧವಾಗುತ್ತಿದ್ದುದೂ ಉಂಟು. ಇಷ್ಟು ಬೇಗ ವಾದಿ ಎಲ್ಲಿಂದ ಸಿಗುತ್ತಿದ್ದರು? ಹಲವು ಕಂಪನಿಗಳಲ್ಲಿ ಕೆಲವೇ ಷೇರು ಇಟ್ಟುಕೊಂಡು, ಕರೆದಾಗ ಸಹಿ ಹಾಕಲು ಸಿದ್ಧರಾಗಿರುವವರು ಕೆಲವರಿದ್ದರು. ಅವರನ್ನು "ವೃತ್ತಿಪರ ವಾದಿಗಳು" ಎಂದು ಕರೆಯುತ್ತಿದ್ದರು. ಹೆಸರು ವಾದಿಯದ್ದು, ತೀರ್ಮಾನವೆಲ್ಲ ವಕೀಲರದ್ದು.

ಇದರಲ್ಲಿ ಏನು ತಪ್ಪು? ಸಾಮಾನ್ಯ ದಾವೆಯಲ್ಲಿ ಕಕ್ಷಿದಾರ ತನ್ನ ವಕೀಲರ ಮೇಲೆ ಕಣ್ಣಿಟ್ಟಿರುತ್ತಾನೆ. ಫೀಸು ಹೆಚ್ಚಾಯಿತು, ರಾಜಿ ಮೊತ್ತ ಕಡಿಮೆಯಾಯಿತು ಎಂದು ಕೇಳುತ್ತಾನೆ. ಆದರೆ ವಾದಿಗೆ ನಷ್ಟವೇ ಅಲ್ಪವಾಗಿದ್ದರೆ ಅವನು ಯಾಕೆ ಕೇಳುತ್ತಾನೆ? ಆಗ ವಕೀಲರಿಗೆ ಬೇಗ ಮುಗಿಸಿ ಫೀಸು ಪಡೆಯುವುದೇ ಲಾಭ. ಕಂಪನಿಗೂ ಕಡಿಮೆ ಮೊತ್ತದಲ್ಲಿ ಕೈತೊಳೆದುಕೊಳ್ಳುವುದೇ ಲಾಭ. ನಷ್ಟ ಆಗುವುದು ಕೋರ್ಟಿನ ಹೊರಗಿರುವ ಸಾವಿರಾರು ಸಣ್ಣ ಷೇರುದಾರರಿಗೆ. ಅವರ ಹೆಸರಿನಲ್ಲೇ ದಾವೆ ನಡೆಯುತ್ತದೆ, ಅವರಿಗೆ ಮಾತ್ರ ಗೊತ್ತಿರುವುದಿಲ್ಲ.

ಇದು ಬರೀ ಅನುಮಾನದ ಮಾತಲ್ಲ. ಈ ಕ್ಷೇತ್ರದ ಅತ್ಯಂತ ಹೆಸರಾಂತ ವಕೀಲ ಸಂಸ್ಥೆಗಳಲ್ಲಿ ಒಂದಾದ ನ್ಯೂಯಾರ್ಕ್‌ನ ಮಿಲ್‌ಬರ್ಗ್ ವೈಸ್ ಮೇಲೆ 2006ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ವಾದಿಗಳಾಗಿ ನಿಂತವರಿಗೆ ಗುಟ್ಟಾಗಿ ಹಣ ಕೊಡಲಾಗುತ್ತಿತ್ತು ಎಂಬುದು ಆರೋಪ. ಸಂಸ್ಥೆಯ ಕೆಲವು ಹಿರಿಯ ಪಾಲುದಾರರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. 2008ರಲ್ಲಿ ಸಂಸ್ಥೆ 7.5 ಕೋಟಿ ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು.

1995ರ ಕಾಯ್ದೆ: ಹಣ ಕಳೆದುಕೊಂಡವರೇ ಕಾವಲು ಕಾಯಲಿ

1995ರಲ್ಲಿ ಎಲಿಯಟ್ ವೈಸ್ ಮತ್ತು ಜಾನ್ ಬೆಕರ್‌ಮನ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು ಯೇಲ್ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪಿಂಚಣಿ ನಿಧಿಯಂತಹ ದೊಡ್ಡ ಹೂಡಿಕೆದಾರರ ಕೈಗೆ ದಾವೆಯ ಚುಕ್ಕಾಣಿ ಕೊಟ್ಟರೆ ಅವರು ವಕೀಲರ ಮೇಲೆ ನಿಗಾ ಇಡುತ್ತಾರೆ ಎಂಬುದು ಅವರ ವಾದ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಖಾಸಗಿ ಸೆಕ್ಯುರಿಟೀಸ್ ದಾವೆ ಸುಧಾರಣಾ ಕಾಯ್ದೆಯನ್ನು ತಂದಾಗ ಈ ವಿಚಾರವನ್ನು ಒಪ್ಪಿಕೊಂಡಿತು. ಅಧ್ಯಕ್ಷ ಬಿಲ್ ಕ್ಲಿಂಟನ್ ಮಸೂದೆಯನ್ನು ತಡೆಹಿಡಿದರೂ ಸಂಸತ್ತಿನ ಎರಡೂ ಸದನಗಳು ಮೂರನೇ ಎರಡು ಬಹುಮತದಿಂದ ಅದನ್ನು ಮತ್ತೆ ಅಂಗೀಕರಿಸಿದವು.

ಈ ಕಾಯ್ದೆಯ ಪ್ರಕಾರ ಮುಖ್ಯ ವಾದಿಯ ಆಯ್ಕೆ ನಡೆಯುವ ಕ್ರಮ ಹೀಗಿದೆ. ಪರೀಕ್ಷೆಯ ದೃಷ್ಟಿಯಿಂದಲೂ ಕ್ರಮವಾಗಿ ನೆನಪಿಟ್ಟುಕೊಳ್ಳುವುದು ಸುಲಭ.

1. ಪ್ರಕಟಣೆ: ಮೊದಲ ದಾವೆ ಹೂಡಿದವರು 20 ದಿನಗಳ ಒಳಗೆ ಹೆಚ್ಚು ಪ್ರಸಾರವುಳ್ಳ ವಾಣಿಜ್ಯ ಪತ್ರಿಕೆಯಲ್ಲಿ ಅಥವಾ ಸುದ್ದಿಸಂಸ್ಥೆಯ ಮೂಲಕ ಪ್ರಕಟಣೆ ಕೊಡಬೇಕು. ದಾವೆ ಯಾವ ಕಂಪನಿಯ ಮೇಲೆ, ಆರೋಪ ಏನು, ಯಾವ ಅವಧಿಯಲ್ಲಿ ಷೇರು ಕೊಂಡವರಿಗೆ ಅನ್ವಯ ಎಂಬುದು ಅದರಲ್ಲಿ ಇರಬೇಕು. ಈ ಅವಧಿಗೆ "ದಾವೆಯ ಅವಧಿ" ಎನ್ನೋಣ.

2. ಅರ್ಜಿ: ಪ್ರಕಟಣೆ ಬಂದ 60 ದಿನಗಳ ಒಳಗೆ ಆ ಗುಂಪಿಗೆ ಸೇರಿದ ಯಾವ ಹೂಡಿಕೆದಾರರಾದರೂ "ನಾನು ಮುಖ್ಯ ವಾದಿಯಾಗಲು ಸಿದ್ಧ" ಎಂದು ಅರ್ಜಿ ಹಾಕಬಹುದು. ಅವರು ಮೊದಲೇ ದಾವೆ ಹೂಡಿರಬೇಕೆಂದಿಲ್ಲ.

3. ಒಗ್ಗೂಡಿಸುವಿಕೆ: ಒಂದಕ್ಕಿಂತ ಹೆಚ್ಚು ದಾವೆಗಳಿದ್ದು ಅವನ್ನು ಸೇರಿಸಬೇಕೆಂಬ ಅರ್ಜಿಯಿದ್ದರೆ ನ್ಯಾಯಾಲಯ ಮೊದಲು ಅದನ್ನು ತೀರ್ಮಾನಿಸುತ್ತದೆ. ಮುಖ್ಯ ವಾದಿಯ ಆಯ್ಕೆ ಅದರ ನಂತರ.

4. ಆಯ್ಕೆ: ಮೂರು ಲಕ್ಷಣ ಇರುವವರೇ ಅತ್ಯಂತ ಸೂಕ್ತರು ಎಂದು ನ್ಯಾಯಾಲಯ ಮೊದಲಿಗೆ ಭಾವಿಸಬೇಕು. ಅವರು ದಾವೆ ಹೂಡಿರಬೇಕು ಅಥವಾ ಅರ್ಜಿ ಹಾಕಿರಬೇಕು. ಕೇಳಿರುವ ಪರಿಹಾರದಲ್ಲಿ ಅವರ ಹಣಕಾಸಿನ ಹಿತಾಸಕ್ತಿ ಎಲ್ಲರಿಗಿಂತ ದೊಡ್ಡದಿರಬೇಕು. ಸಾಮೂಹಿಕ ದಾವೆಗಳ ಸಾಮಾನ್ಯ ನಿಯಮವನ್ನು ಪೂರೈಸಬೇಕು. ಅಂದರೆ ಅವರ ದೂರು ಉಳಿದವರ ದೂರಿನ ಹಾಗೆಯೇ ಇರಬೇಕು, ಉಳಿದವರ ಹಿತವನ್ನು ಅವರು ಕಾಯಬಲ್ಲವರಾಗಿರಬೇಕು.

5. ಆಕ್ಷೇಪಣೆ: ಇದು ಕಡೆಯ ಮಾತಲ್ಲ. ಅವರು ಗುಂಪಿನ ಹಿತವನ್ನು ನ್ಯಾಯವಾಗಿ ಕಾಯಲಾರರು, ಅಥವಾ ಕಂಪನಿ ಅವರೊಬ್ಬರ ವಿರುದ್ಧ ಮಾತ್ರ ಎತ್ತಬಹುದಾದ ವಿಶೇಷ ಪ್ರತಿವಾದ ಇದೆ ಎಂದು ಗುಂಪಿನ ಬೇರೆ ಸದಸ್ಯರು ಪುರಾವೆ ಸಹಿತ ತೋರಿಸಿದರೆ ಆಯ್ಕೆ ಬದಲಾಗುತ್ತದೆ. ಬರೀ ಊಹೆ ಸಾಲದು.

ವಿಶೇಷ ಪ್ರತಿವಾದ ಅಂದರೇನು? ಕಂಪನಿಯ ಸುಳ್ಳು ಬಯಲಾದ ಮೇಲೆಯೂ ಒಬ್ಬ ಹೂಡಿಕೆದಾರ ಅದೇ ಷೇರನ್ನು ಇನ್ನಷ್ಟು ಕೊಂಡ ಎನ್ನಿ. "ಇವನು ನಮ್ಮ ಲೆಕ್ಕಪತ್ರ ನಂಬಿ ಕೊಂಡವನೇ ಅಲ್ಲ" ಎಂದು ಕಂಪನಿ ವಾದಿಸಬಹುದು. ಆ ವಾದ ಗೆದ್ದರೂ ಸೋತರೂ ಎಲ್ಲರ ದಾವೆಯ ಸಮಯ ಇವನೊಬ್ಬನ ವಿಚಾರದಲ್ಲೇ ಕಳೆಯುತ್ತದೆ. ಅಂಥವರು ಮುಂದಾಳಾಗುವುದು ಬೇಡ ಎಂಬುದು ಇದರ ಅರ್ಥ.

ಮುಖ್ಯ ವಾದಿಯಾಗಲು ಬಯಸುವವರು ಒಂದು ಪ್ರಮಾಣಪತ್ರವನ್ನೂ ಕೊಡಬೇಕು. ವಕೀಲರು ಹೇಳಿದರೆಂದು ನಾನು ಈ ಷೇರು ಕೊಂಡದ್ದಲ್ಲ. ನನ್ನ ಕೊಳ್ಳುವಿಕೆ, ಮಾರಾಟದ ವಿವರ ಇದು. ಕಳೆದ ಮೂರು ವರ್ಷಗಳಲ್ಲಿ ಇಂತಿಂಥ ದಾವೆಗಳಲ್ಲಿ ಪ್ರತಿನಿಧಿಯಾಗಿದ್ದೆ. ನನ್ನ ಪಾಲಿನ ಪರಿಹಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂಬುದು ಅದರ ಸಾರ. ನ್ಯಾಯಾಲಯ ಒಪ್ಪಿದ ಖರ್ಚು ಮತ್ತು ಕಳೆದುಕೊಂಡ ಸಂಬಳ ಮಾತ್ರ ಸಿಗಬಹುದು. ನ್ಯಾಯಾಲಯ ವಿನಾಯಿತಿ ಕೊಡದಿದ್ದರೆ ಮೂರು ವರ್ಷಗಳಲ್ಲಿ ಐದಕ್ಕಿಂತ ಹೆಚ್ಚು ಇಂತಹ ದಾವೆಗಳಲ್ಲಿ ಒಬ್ಬರೇ ಮುಖ್ಯ ವಾದಿಯಾಗುವಂತಿಲ್ಲ. ವೃತ್ತಿಪರ ವಾದಿಗಳಿಗೆ ಹಾಕಿದ ಬೇಲಿ ಇದು.

ನಷ್ಟವನ್ನು ಲೆಕ್ಕ ಹಾಕುವುದು ಹೇಗೆ?

"ಅತಿ ದೊಡ್ಡ ಹಣಕಾಸಿನ ಹಿತಾಸಕ್ತಿ" ಎಂದು ಕಾಯ್ದೆ ಹೇಳುತ್ತದೆ, ಅದನ್ನು ಅಳೆಯುವ ಸೂತ್ರವನ್ನು ಹೇಳುವುದಿಲ್ಲ. ನ್ಯಾಯಾಲಯಗಳು 1997ರಿಂದೀಚೆಗೆ ಸಾಮಾನ್ಯವಾಗಿ ನಾಲ್ಕು ಅಂಶ ನೋಡುತ್ತವೆ: ದಾವೆಯ ಅವಧಿಯಲ್ಲಿ ಕೊಂಡ ಒಟ್ಟು ಷೇರು; ಕೊಂಡದ್ದರಲ್ಲಿ ಮಾರಿದ್ದು ಕಳೆದು ಉಳಿದ ನಿವ್ವಳ ಷೇರು; ನಿವ್ವಳವಾಗಿ ಹೂಡಿದ ಹಣ; ಮತ್ತು ಅಂದಾಜು ನಷ್ಟ. ನಾಲ್ಕನೆಯದಕ್ಕೇ ಹೆಚ್ಚಿನ ತೂಕ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ದಾವೆಯ ಅವಧಿ ಜನವರಿಯಿಂದ ಜೂನ್. ಜುಲೈ ಆರಂಭದಲ್ಲಿ ಸತ್ಯ ಹೊರಬಿತ್ತು. ನಂತರದ 90 ದಿನಗಳ ಸರಾಸರಿ ಬೆಲೆ 40 ಡಾಲರ್. ಉಳಿದ ಷೇರುಗಳಿಗೆ ಈ ಬೆಲೆಯನ್ನೇ ಹಿಡಿಯೋಣ. ಮೂವರು ಅರ್ಜಿ ಹಾಕಿದ್ದಾರೆ.

ಅರ್ಜಿದಾರ ಒಂದು, ದಿನವಹಿ ವ್ಯಾಪಾರಿ: 10,000 ಷೇರನ್ನು 100 ಡಾಲರ್‌ನಂತೆ ಕೊಂಡರು. ಕೊಟ್ಟದ್ದು 10,00,000. ಜೂನ್ ಒಳಗೇ 9,000 ಷೇರನ್ನು 110ರಂತೆ ಮಾರಿದರು. ಬಂದದ್ದು 9,90,000. ಕೈಯಲ್ಲಿ ಉಳಿದದ್ದು 1,000 ಷೇರು, ಮೌಲ್ಯ 40,000. ನಿವ್ವಳ ಹೂಡಿಕೆ 10,000 ಮಾತ್ರ. ಅಂದರೆ ಇವರಿಗೆ 30,000 ಡಾಲರ್ ಲಾಭ.

ಅರ್ಜಿದಾರ ಎರಡು, ನೌಕರರ ಪಿಂಚಣಿ ನಿಧಿ: 5,000 ಷೇರನ್ನು 120ರಂತೆ ಕೊಂಡಿತು. ಕೊಟ್ಟದ್ದು 6,00,000. ಒಂದನ್ನೂ ಮಾರಲಿಲ್ಲ. ಉಳಿದ ಮೌಲ್ಯ 2,00,000. ನಷ್ಟ 4,00,000 ಡಾಲರ್.

ಅರ್ಜಿದಾರ ಮೂರು, ನಿವೃತ್ತ ಶಿಕ್ಷಕಿ: 200 ಷೇರನ್ನು 120ರಂತೆ ಕೊಂಡರು. ಕೊಟ್ಟದ್ದು 24,000. ಉಳಿದ ಮೌಲ್ಯ 8,000. ನಷ್ಟ 16,000 ಡಾಲರ್.

ಒಟ್ಟು ಕೊಂಡ ಷೇರನ್ನಷ್ಟೇ ನೋಡಿದರೆ ವ್ಯಾಪಾರಿಯೇ ಎಲ್ಲರಿಗಿಂತ ದೊಡ್ಡವರು. ಆದರೆ ಸುಳ್ಳು ಬೆಲೆಗೆ ಕೊಂಡು ಸುಳ್ಳು ಬೆಲೆಗೇ ಮಾರಿದ ಅವರಿಗೆ ನಷ್ಟವಿಲ್ಲ. ನಾಲ್ಕು ಅಂಶಗಳನ್ನೂ ಸೇರಿಸಿ ನೋಡಿದರೆ ಪಿಂಚಣಿ ನಿಧಿಯೇ ಮುಂದೆ. ಒಟ್ಟು ಸಂಖ್ಯೆಗೂ ನಿವ್ವಳ ಸಂಖ್ಯೆಗೂ ಇರುವ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಶಿಕ್ಷಕಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಆ 16,000 ಡಾಲರ್ ಅವರ ಜೀವಮಾನದ ಉಳಿತಾಯವೇ ಆಗಿರಬಹುದು. ಪಿಂಚಣಿ ನಿಧಿಗೆ 4,00,000 ಒಂದು ಸಣ್ಣ ತುಣುಕು. ನೋವಿನ ಅಳತೆಯಲ್ಲಿ ಶಿಕ್ಷಕಿಯದ್ದೇ ದೊಡ್ಡದು. ಆದರೆ ಕಾಯ್ದೆ ಅಳೆಯುವುದು ಡಾಲರಿನಲ್ಲಿ. ದಾವೆ ವರ್ಷಗಟ್ಟಲೆ ನಡೆಯುತ್ತದೆ, ಸಾವಿರಾರು ಪುಟಗಳ ದಾಖಲೆ ಓದಬೇಕು, ದೊಡ್ಡ ವಕೀಲ ಸಂಸ್ಥೆಯ ಎದುರು ಕೂತು ಫೀಸು ಚೌಕಾಸಿ ಮಾಡಬೇಕು. ಇದಕ್ಕೆ ಸಿಬ್ಬಂದಿ, ಅನುಭವ ಎರಡೂ ಇರುವುದು ಸಂಸ್ಥೆಗಳಿಗೆ. ಶಿಕ್ಷಕಿಯ ಹಕ್ಕು ಇದರಿಂದ ಹೋಗುವುದಿಲ್ಲ. ಗೆದ್ದರೆ ಪ್ರತಿ ಷೇರಿಗೆ ಅದೇ ಲೆಕ್ಕದಲ್ಲಿ ಅವರಿಗೂ ಪರಿಹಾರ ಸಿಗುತ್ತದೆ. ರಾಜಿ ಮೊತ್ತ ಕಡಿಮೆಯೆನಿಸಿದರೆ ನ್ಯಾಯಾಧೀಶರ ಮುಂದೆ ಆಕ್ಷೇಪಿಸಬಹುದು. ಗುಂಪಿನಿಂದ ಹೊರಬಂದು ಸ್ವಂತ ದಾವೆ ಹೂಡುವ ಅವಕಾಶವೂ ಇದೆ.

ಫಿಫೊ ಮತ್ತು ಲಿಫೊ: ಒಂದೇ ವ್ಯವಹಾರ, ಎರಡು ಉತ್ತರ

ದಾಸ್ತಾನು ಮೌಲ್ಯಮಾಪನದಲ್ಲಿ ಬರುವ "ಮೊದಲು ಬಂದದ್ದು ಮೊದಲು ಹೊರಗೆ" ಮತ್ತು "ಕೊನೆಗೆ ಬಂದದ್ದು ಮೊದಲು ಹೊರಗೆ" ಎಂಬ ಎರಡು ಪದ್ಧತಿಗಳು ಇಲ್ಲಿಯೂ ಬರುತ್ತವೆ.

ನಾಲ್ಕನೆಯ ಹೂಡಿಕೆದಾರರೊಬ್ಬರ ಬಳಿ ದಾವೆಯ ಅವಧಿಗೆ ಮೊದಲೇ 1,000 ಷೇರಿದ್ದವು. ಅವಧಿಯಲ್ಲಿ ಇನ್ನೂ 1,000 ಷೇರನ್ನು 120ರಂತೆ ಕೊಂಡರು. ಸತ್ಯ ಬಯಲಾಗುವ ಮೊದಲೇ 1,000 ಷೇರನ್ನು 130ರಂತೆ ಮಾರಿದರು. ಮಾರಿದ್ದು ಹಳೆಯ ಷೇರೋ, ಹೊಸ ಷೇರೋ?

ಫಿಫೊ ಪ್ರಕಾರ ಮಾರಿದ್ದು ಹಳೆಯದು. ಹೊಸ 1,000 ಷೇರು ಕೈಯಲ್ಲೇ ಉಳಿದವು. ನಷ್ಟ 120ರಲ್ಲಿ 40 ಕಳೆದು 80, ಒಟ್ಟು 80,000 ಡಾಲರ್. ಲಿಫೊ ಪ್ರಕಾರ ಮಾರಿದ್ದು ಹೊಸದು. 120ಕ್ಕೆ ಕೊಂಡು 130ಕ್ಕೆ ಮಾರಿದ್ದರಿಂದ 10,000 ಲಾಭ. ಅವಧಿಯಲ್ಲಿ ಕೊಂಡ ಷೇರಿನ ಮೇಲೆ ನಷ್ಟ ಸೊನ್ನೆ.

ಉಬ್ಬಿದ ಬೆಲೆಗೆ ಮಾರಿ ಪಡೆದ ಲಾಭವನ್ನು ಫಿಫೊ ಮರೆಮಾಡುತ್ತದೆ ಎಂಬ ಕಾರಣಕ್ಕೆ ಅನೇಕ ನ್ಯಾಯಾಲಯಗಳು ಲಿಫೊವನ್ನೇ ಇಷ್ಟಪಡುತ್ತವೆ. ಅರ್ಜಿದಾರರ ನಡುವೆ ಪೈಪೋಟಿ ಹತ್ತಿರವಿದ್ದಾಗ ಯಾರು ಮುಖ್ಯ ವಾದಿ ಎಂಬುದನ್ನು ಈ ಒಂದು ಆಯ್ಕೆಯೇ ತೀರ್ಮಾನಿಸಬಹುದು.

ಮೂರು ನಿಜ ಪ್ರಕರಣಗಳು

ಎನ್ರಾನ್: ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದ್ದ ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಅನೇಕ ದಾವೆಗಳು ಒಂದಾದವು. 2002ರಲ್ಲಿ ಮುಖ್ಯ ವಾದಿಯಾದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ತನ್ನ ನಷ್ಟ ಸುಮಾರು 14.5 ಕೋಟಿ ಡಾಲರ್ ಎಂದು ಅದು ಹೇಳಿತ್ತು. ದಿವಾಳಿಯಾದ ಕಂಪನಿಯಿಂದ ಏನೂ ಸಿಗದು ಎಂದು ಕೈಚೆಲ್ಲದೆ, ವಂಚನೆಗೆ ನೆರವಾದ ಆರೋಪದ ಮೇಲೆ ದೊಡ್ಡ ಬ್ಯಾಂಕುಗಳನ್ನೂ ಪ್ರತಿವಾದಿಗಳನ್ನಾಗಿ ಮಾಡಿತು. ಕೊನೆಗೆ ಸಂಗ್ರಹವಾದ ರಾಜಿ ಮೊತ್ತ 720 ಕೋಟಿ ಡಾಲರ್‌ಗೂ ಹೆಚ್ಚು. ಪಟ್ಟುಹಿಡಿಯುವ ಮುಖ್ಯ ವಾದಿ ಇದ್ದರೆ ಏನಾಗಬಹುದು ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುತ್ತಾರೆ.

ಸೆಂಡಂಟ್: ಈ ಕಂಪನಿಯ ಲೆಕ್ಕಪತ್ರ ವಂಚನೆಯ ದಾವೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನ ಸಾರ್ವಜನಿಕ ಪಿಂಚಣಿ ನಿಧಿಗಳು ಮುಖ್ಯ ವಾದಿಗಳು. ರಾಜಿ ಸುಮಾರು 320 ಕೋಟಿ ಡಾಲರಿಗೆ ಆಯಿತು. ಅವು ವಕೀಲರೊಂದಿಗೆ ಮೊದಲೇ ಫೀಸಿನ ಒಪ್ಪಂದ ಮಾಡಿಕೊಂಡಿದ್ದವು. ಆದರೆ ಕೆಳ ನ್ಯಾಯಾಲಯ ವಕೀಲರ ಆಯ್ಕೆಗೆ ಹರಾಜು ನಡೆಸಿ, ಅದರ ಆಧಾರದ ಮೇಲೆ 26.2 ಕೋಟಿ ಡಾಲರ್ ಫೀಸು ನಿಗದಿ ಮಾಡಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಫೀಸನ್ನು ರದ್ದುಪಡಿಸಿತು. ವಕೀಲರನ್ನು ಆರಿಸಿ ಫೀಸು ಚೌಕಾಸಿ ಮಾಡುವ ಕೆಲಸವನ್ನು ಕಾಯ್ದೆ ಮುಖ್ಯ ವಾದಿಗೆ ಕೊಟ್ಟಿದೆ, ನ್ಯಾಯಾಧೀಶರದ್ದು ಮೇಲ್ವಿಚಾರಣೆ ಮಾತ್ರ ಎಂಬುದು ತೀರ್ಪಿನ ಸಾರ.

ಮರುವರ್ಷ, 2002ರಲ್ಲಿ, ಪಶ್ಚಿಮ ರಾಜ್ಯಗಳ ಮೇಲ್ಮನವಿ ನ್ಯಾಯಾಲಯ ಕಾಪರ್ ಮೌಂಟನ್ ಕಂಪನಿಯ ಪ್ರಕರಣದಲ್ಲಿ ಇದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ಸಣ್ಣ ಹೂಡಿಕೆದಾರರೊಬ್ಬರು ಕಡಿಮೆ ಫೀಸಿಗೆ ವಕೀಲರನ್ನು ಒಪ್ಪಿಸಿದ್ದರಿಂದ ಕೆಳ ನ್ಯಾಯಾಲಯ ಅವರನ್ನೇ ಆರಿಸಿತ್ತು. ಅರ್ಜಿದಾರರನ್ನೆಲ್ಲ ಪಕ್ಕಪಕ್ಕ ನಿಲ್ಲಿಸಿ ಯಾರು ಉತ್ತಮ ಎಂದು ಹೋಲಿಸುವುದು ಕಾಯ್ದೆಯ ಕ್ರಮವಲ್ಲ ಎಂದು ಮೇಲಿನ ನ್ಯಾಯಾಲಯ ಹೇಳಿತು. ಮೊದಲು ಅತಿ ದೊಡ್ಡ ನಷ್ಟದವರನ್ನು ನೋಡಿ. ಅವರು ಅರ್ಹರಾದರೆ ಅಲ್ಲಿಗೆ ಮುಗಿಯಿತು. ಅರ್ಹರಲ್ಲದಿದ್ದರೆ ಮಾತ್ರ ಮುಂದಿನವರು.

ಸತ್ಯಂ: ಇದು ನಮಗೆ ಹತ್ತಿರದ್ದು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ ಲೆಕ್ಕ ಸುಳ್ಳೆಂದು ಒಪ್ಪಿಕೊಂಡರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಸತ್ಯಂ ಷೇರುಗಳ ಆಧಾರದ ಠೇವಣಿ ಪತ್ರಗಳು ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲೂ ವಹಿವಾಟಾಗುತ್ತಿದ್ದವು. ಹಾಗಾಗಿ ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ಹಲವು ದಾವೆಗಳು ಹುಟ್ಟಿದವು. ಅವನ್ನೆಲ್ಲ ನ್ಯೂಯಾರ್ಕ್‌ನ ಒಂದೇ ಫೆಡರಲ್ ನ್ಯಾಯಾಲಯದಲ್ಲಿ ಒಂದಾಗಿಸಲಾಯಿತು.

ಅದೇ ವರ್ಷ ಮುಖ್ಯ ವಾದಿಗಳಾಗಿ ನೇಮಕವಾದವರು ಯಾರು ನೋಡಿ: ಮಿಸಿಸಿಪ್ಪಿ ರಾಜ್ಯದ ಸಾರ್ವಜನಿಕ ನೌಕರರ ನಿವೃತ್ತಿ ನಿಧಿ, ಬ್ರಿಟನ್ನಿನ ಗಣಿ ಕಾರ್ಮಿಕರ ಪಿಂಚಣಿ ಯೋಜನೆ, ನಾರ್ವೆಯ ಸ್ಕಾಗನ್ ಎಂಬ ನಿಧಿ ಸಂಸ್ಥೆ, ಡೆನ್ಮಾರ್ಕ್‌ನ ಸ್ಯಾಂಪೆನ್ಶನ್ ಎಂಬ ಪಿಂಚಣಿ ಸಂಸ್ಥೆ. ಹೈದರಾಬಾದಿನ ಕಂಪನಿಯೊಂದರ ಸುಳ್ಳು ಬ್ರಿಟನ್ನಿನ ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರ ನಿಧಿಯನ್ನು ತಲುಪಿತ್ತು. 2011ರಲ್ಲಿ ಸತ್ಯಂ 12.5 ಕೋಟಿ ಡಾಲರ್, ಅದರ ಲೆಕ್ಕಪರಿಶೋಧಕರು 2.55 ಕೋಟಿ ಡಾಲರ್ ಕೊಡಲು ಒಪ್ಪಿದರು.

ಮುಂಬೈಯ ವಿನಿಮಯ ಕೇಂದ್ರಗಳಲ್ಲಿ ಸತ್ಯಂ ಷೇರು ಕೊಂಡ ಭಾರತದ ಸಾಮಾನ್ಯ ಹೂಡಿಕೆದಾರರಿಗೆ ಈ ಪರಿಹಾರದಲ್ಲಿ ಪಾಲಿರಲಿಲ್ಲ. ಇಲ್ಲಿ ಅವರ ಪರವಾಗಿ ಗ್ರಾಹಕ ಆಯೋಗ, ಸುಪ್ರೀಂ ಕೋರ್ಟ್‌ಗಳ ಬಾಗಿಲು ತಟ್ಟಿದರೂ ಅಂತಹ ಸಾಮೂಹಿಕ ಪರಿಹಾರ ಸಿಗಲಿಲ್ಲ. ಒಂದೇ ಕಂಪನಿ, ಒಂದೇ ಸುಳ್ಳು. ಕೊಂಡ ಮಾರುಕಟ್ಟೆ ಯಾವುದು ಎಂಬುದರ ಮೇಲೆ ನ್ಯಾಯ ಬೇರೆಯಾಯಿತು.

ಭಾರತದಲ್ಲಿ ಈಗ ಏನಿದೆ?

2013ರ ಕಂಪನಿ ಕಾಯ್ದೆಯ 245ನೇ ವಿಧಿ ನಮ್ಮಲ್ಲೂ ಸಾಮೂಹಿಕ ಅರ್ಜಿಗೆ ಅವಕಾಶ ಕೊಟ್ಟಿತು. 2016ರ ಜೂನ್‌ನಿಂದ ಜಾರಿಯಲ್ಲಿರುವ ಈ ವಿಧಿಯಡಿ ಸದಸ್ಯರು ಅಥವಾ ಠೇವಣಿದಾರರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಷೇರುದಾರರಾದರೆ ಕನಿಷ್ಠ 100 ಮಂದಿ ಅಥವಾ ಒಟ್ಟು ಸದಸ್ಯರ ಶೇ. 5, ಇವೆರಡರಲ್ಲಿ ಕಡಿಮೆಯಾದದ್ದು ಬೇಕು. ಇಲ್ಲವೇ ವಿನಿಮಯ ಕೇಂದ್ರದಲ್ಲಿ ನೋಂದಾಯಿತ ಕಂಪನಿಯಾದರೆ ಶೇ. 2, ಉಳಿದವಾದರೆ ಶೇ. 5 ಷೇರು ಬಂಡವಾಳ ಹೊಂದಿದವರು ಅರ್ಜಿ ಹಾಕಬಹುದು.

ಒಂದೇ ವಿಷಯದ ಮೇಲೆ ಹಲವು ಅರ್ಜಿ ಬಂದರೆ ನ್ಯಾಯಮಂಡಳಿ ಅವನ್ನು ಒಂದಾಗಿಸಬೇಕು. ನಂತರ ಸದಸ್ಯರೇ ಮುಖ್ಯ ಅರ್ಜಿದಾರರನ್ನು ಆರಿಸಿಕೊಳ್ಳಬೇಕು. ಒಮ್ಮತ ಬಾರದಿದ್ದರೆ ಮಾತ್ರ ನ್ಯಾಯಮಂಡಳಿ ನೇಮಿಸಬಹುದು. ಹೆಚ್ಚು ನಷ್ಟವಾದವರಿಗೇ ಮೊದಲ ಸ್ಥಾನ ಎಂಬ ಅಮೆರಿಕದ ಸೂತ್ರ ಈ ವಿಧಿಯಲ್ಲಿಲ್ಲ. ಪ್ರತಿನಿಧಿಯ ದೂರು ಉಳಿದವರದ್ದರಂತೆಯೇ ಇದೆಯೇ, ಅವರು ಎಲ್ಲರ ಹಿತ ಕಾಯಬಲ್ಲರೇ ಎಂಬುದನ್ನು ನೋಡಬೇಕೆಂದು 2016ರ ನ್ಯಾಯಮಂಡಳಿ ನಿಯಮಗಳು ಹೇಳುತ್ತವೆ. ಹುರುಳಿಲ್ಲದ ಅಥವಾ ಪೀಡಿಸುವ ಅರ್ಜಿ ಎಂದು ಕಂಡುಬಂದರೆ ಅರ್ಜಿದಾರರು ಎದುರು ಪಕ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡಬೇಕಾದೀತು.

ದೊಡ್ಡವರೇ ಮುಂದಾಳಾದರೆ ಸಾಕೇ?

ಅಮೆರಿಕದ ಸೂತ್ರಕ್ಕೂ ಟೀಕೆಗಳಿವೆ. ಒಂದು, ಪರಸ್ಪರ ಪರಿಚಯವೇ ಇಲ್ಲದ ಹೂಡಿಕೆದಾರರನ್ನು ವಕೀಲರೇ ಒಟ್ಟುಗೂಡಿಸಿ, ನಷ್ಟ ಕೂಡಿಸಿ, "ನಮ್ಮ ಗುಂಪಿನದ್ದೇ ದೊಡ್ಡದು" ಎಂದು ತರುತ್ತಾರೆ. ಗುಂಪಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆ ಗುಂಪು ಒಟ್ಟಾಗಿ ಕೂತು ತೀರ್ಮಾನ ಮಾಡಿ ವಕೀಲರನ್ನು ನಿಯಂತ್ರಿಸಬಲ್ಲದೇ ಎಂದು ನ್ಯಾಯಾಲಯಗಳು ಕೇಳುತ್ತವೆ. ಎರಡು, ಸಾರ್ವಜನಿಕ ಪಿಂಚಣಿ ನಿಧಿಗಳನ್ನು ನೋಡಿಕೊಳ್ಳುವವರಲ್ಲಿ ಕೆಲವರು ಚುನಾಯಿತರು. ಅವರ ಚುನಾವಣೆಗೆ ದೇಣಿಗೆ ಕೊಟ್ಟ ವಕೀಲ ಸಂಸ್ಥೆಗೇ ದಾವೆ ಸಿಕ್ಕರೆ ಕಾವಲುಗಾರನ ಮೇಲೆಯೇ ಅನುಮಾನ ಬರುತ್ತದೆ.

ಆದ್ದರಿಂದಲೇ ಕಾಯ್ದೆ ಎರಡು ಮೆಟ್ಟಿಲು ಇಟ್ಟಿದೆ. ನಷ್ಟದ ಗಾತ್ರ ನಿಮ್ಮನ್ನು ಬಾಗಿಲವರೆಗೆ ಕರೆದುಕೊಂಡು ಬರುತ್ತದೆ. ಒಳಗೆ ಬರಲು ಅರ್ಹತೆ ತೋರಿಸಬೇಕು, ಬಂದ ಮೇಲೆಯೂ ನ್ಯಾಯಾಲಯದ ಕಣ್ಣು ನಿಮ್ಮ ಮೇಲಿರುತ್ತದೆ. ಮುಖ್ಯ ವಾದಿಗೆ ಕೆಲಸ ಎಲ್ಲರಿಗಿಂತ ಹೆಚ್ಚು, ಪರಿಹಾರ ಮಾತ್ರ ಎಲ್ಲರ ಲೆಕ್ಕದಲ್ಲೇ.

ತರಗತಿಯಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಅಂದು ಹೇಳಿದ್ದು ಅರ್ಧ ಉತ್ತರ: "ಸಣ್ಣವರೂ ಕೋರ್ಟಿಗೆ ಹೋಗಬಹುದು, ಒಟ್ಟಾಗಿ." ಉಳಿದರ್ಧ ಇದು: ಒಟ್ಟಾಗಿ ಹೋಗುವಾಗ ಮುಂದೆ ನಡೆಯುವವರನ್ನು ಸರಿಯಾಗಿ ಆರಿಸದಿದ್ದರೆ ಹಿಂದೆ ಇರುವವರಿಗೆ ನ್ಯಾಯ ಸಿಗುವುದಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಹಲವು ದಾವೆಗಳನ್ನು ಒಗ್ಗೂಡಿಸಿದ ನಂತರವೇ ಮುಖ್ಯ ವಾದಿಯನ್ನು ಆರಿಸುವುದು ಯಾಕೆ?

2. ಒಬ್ಬರು ದಾವೆಯ ಅವಧಿಯಲ್ಲಿ 3,000 ಷೇರನ್ನು 90 ಡಾಲರ್‌ನಂತೆ ಕೊಂಡು 1,000 ಷೇರನ್ನು 95ರಂತೆ ಮಾರಿದರು. ನಂತರದ ಸರಾಸರಿ ಬೆಲೆ 50. ನಿವ್ವಳ ಷೇರು, ನಿವ್ವಳ ಹೂಡಿಕೆ ಮತ್ತು ನಷ್ಟ ಕಂಡುಹಿಡಿಯಿರಿ. (ಉತ್ತರ: 2,000 ಷೇರು, 1,75,000 ಡಾಲರ್, 75,000 ಡಾಲರ್)

3. ಭಾರತದ ಮುಖ್ಯ ಅರ್ಜಿದಾರರ ಆಯ್ಕೆಗೂ ಅಮೆರಿಕದ ಮುಖ್ಯ ವಾದಿಯ ಆಯ್ಕೆಗೂ ಇರುವ ಒಂದು ಮುಖ್ಯ ವ್ಯತ್ಯಾಸ ಬರೆಯಿರಿ. ಎರಡರಲ್ಲಿ ಯಾವುದು ಸಣ್ಣ ಷೇರುದಾರರಿಗೆ ಒಳ್ಳೆಯದು? ಕಾರಣ ಕೊಡಿ.

4. ಚರ್ಚೆಗೆ: ಮೇಲಿನ ಉದಾಹರಣೆಯ ನಿವೃತ್ತ ಶಿಕ್ಷಕಿಯೇ ಮುಖ್ಯ ವಾದಿಯಾಗಬೇಕೆಂದು ನೀವು ವಾದಿಸುವುದಾದರೆ ನ್ಯಾಯಾಧೀಶರ ಮುಂದೆ ಏನು ಹೇಳುತ್ತೀರಿ?